ಪಾಲಿನ ರಾಗಿ

ಪರಿಮಳ ಕಾರಿನಿಂದ ಹೊಚ್ಚಹೊಸ ಮೊರ ಇಳಿಸುವುದನ್ನು ಕಂಡಾಗಲೇ ಮಾದಿಗೆ ಅನುಮಾನ ಬಂತು. ಈ ಹೆಂಗಸು ಪಣಕಹಳ್ಳಿಗೆ ಬರುತ್ತಿದ್ದದ್ದೆಲ್ಲ ಬೆಳೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ. ಇವತ್ತು ಸೀರೆಯುಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು.

ಬೆಂಗಳೂರಿನಲ್ಲಿ ಗಾಡಿಗೂ ಕಟ್ಟಡಕ್ಕೂ ತೆರಿಗೆ ಹೆಚ್ಚೆಂದು ಅವಳೂ ಅವಳ ಗಂಡನೂ ಕಂಪನಿ ಸಮೇತ ಕೊಯಮತ್ತೂರಿಗೆ ಹೋಗಿದ್ದರು. ವರಮಾನದ ತೆರಿಗೆ ಅಲ್ಲಿಯೂ ಬಿಡಲಿಲ್ಲ. ಬೇಸಾಯದ ದುಡ್ಡಿಗೆ ತೆರಿಗೆಯಿಲ್ಲವೆಂದು ಯಾರೋ ಹೇಳಿದ ಮೇಲೆ, ತಮಿಳು ಸೀಮೆಗೆ ಸೇರಿದ ಈ ಕನ್ನಡದ ಊರಿನಲ್ಲಿ ಹೊಲ ಕೊಂಡರು. ಈಗ ತಾವು ಈ ಊರಿನ ಬೇಸಾಯಗಾರರೇ ಎನ್ನುತ್ತಾರಂತೆ. ಉತ್ತು ಬಿತ್ತುವವರು ಮಾತ್ರ ಮಾದಿ ಮತ್ತು ಅವಳ ಗಂಡ ಚಿಕ್ಕಸಿದ್ದ. ಬೆಳೆದದ್ದರಲ್ಲಿ ಅರ್ಧ ಈ ಇಬ್ಬರ ಪಾಲು; ಕಾಗದಪತ್ರವಿಲ್ಲದ, ಬಾಯಿಮಾತಿನ ವಾರದ ಒಪ್ಪಂದ.

ನಾವೇ ಬೇಸಾಯ ಮಾಡುತ್ತೇವೆಯೋ ಎಂದು ನೋಡಲು ತೆರಿಗೆ ಆಫೀಸಿನವರು ಬರುತ್ತಾರೆ, ಕೇಳಿದರೆ ಕೂಲಿಯವಳು ಅನ್ನು, ನಿನ್ನ ಪಾಲು ಎಲ್ಲಿಗೂ ಹೋಗುವುದಿಲ್ಲ ಎಂದಳು ಪರಿಮಳ. ಅವಳು ಅತ್ತ ಸರಿದ ಮೇಲೆ ಚಿಕ್ಕಸಿದ್ದ ಮೆಲ್ಲಗೆ, "ಅಂಗೇ ಅಂದ್ಬುಡು ಕಣಮ್ಮಿ. ಹೊಲಾನೇ ಕಿತ್ಕಂಡ್ರೆ ಏನ್ ಮಾಡೀಯೆ?" ಎಂದ.

"ಕಿತ್ಕಳಾಕೇ ಅಂಗನ್ನುಸ್ತಾವ್ಳೆ. ಇವತ್ತು ಕೂಲಿ ಅಂದ್ರೆ, ಮುಂದ್ಲೊರ್ಸ ಕೂಲಿನೇ."

ಅಧಿಕಾರಿ ವಯಸ್ಸಾದ ತಮಿಳರು. ಕಣದ ಅಂಚಿನಲ್ಲಿ ನಿಂತು ಬೂಟು, ಕಾಲುಚೀಲ ಎರಡನ್ನೂ ಕಳಚಿ ಬರಿಗಾಲಲ್ಲಿ ಒಳಗೆ ಬಂದರು. ಅವರ ಪಕ್ಕದಲ್ಲೇ ಪರಿಮಳ ಮೊರ ಹಿಡಿದುಕೊಂಡು, ಚಪ್ಪಲಿ ಮೆಟ್ಟಿದ ಕಾಲಿನಲ್ಲಿ, ರಾಗಿ ರಾಶಿಯ ತನಕ ನಡೆದಳು. ಚಿಕ್ಕಸಿದ್ದ ಮುಖ ತಿರುಗಿಸಿದ. ಪ್ರತಿ ವರ್ಷ ತಾನೇ ನಿಂತು ತೂರುವುದಾಗಿ ಅವಳು ವಿವರಿಸುತ್ತಿದ್ದಳು. ಅಧಿಕಾರಿ ಅವಳ ಕಾಲುಗಳನ್ನೇ ನೋಡುತ್ತಿದ್ದರು. ಆಮೇಲೆ ಮಾದಿಯ ಕಡೆ ತಿರುಗಿ, ದಿನಕ್ಕೆ ಕೂಲಿ ಎಷ್ಟು ಎಂದು ತಮಿಳಿನಲ್ಲಿ ಕೇಳಿದರು.

ಮಾದಿಗೆ ತಮಿಳು ಬರುತ್ತಿತ್ತು. ಆದರೆ ಎಷ್ಟು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಪರಿಮಳಳನ್ನು ನೋಡಿದಳು. ಪರಿಮಳ ಫೋನು ನೋಡುತ್ತಿದ್ದಳು.

"ನಾನು ಕೂಲಿ ಇಸ್ಕಂಡೋಳಲ್ಲ ಸಾಮಿ," ಎಂದಳು ಮಾದಿ, ಕನ್ನಡದಲ್ಲೇ. "ವಾರ. ಇದ್ರಲ್ಲಿ ಅರ್ಧ ನಂದು."

ಅರ್ಥವಾಗದೆ ಅಧಿಕಾರಿ ಚಿಕ್ಕಸಿದ್ದನ ಕಡೆ ನೋಡಿದರು. ಅವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಅದನ್ನೇ ತಮಿಳಿನಲ್ಲಿ ಹೇಳಿದ.

ಅಧಿಕಾರಿ ಹೋದ ಮೇಲೆ ಪರಿಮಳ ಕಾರಿನೊಳಗೆ ಕುಳಿತು, ಗಾಜು ಏರಿಸಿಕೊಂಡು ಯಾರೊಂದಿಗೋ ಮಾತಾಡತೊಡಗಿದಳು. ಮುಂದಿನ ಬಿತ್ತನೆಯ ಮಾತು ಯಾರೂ ಎತ್ತಲಿಲ್ಲ. ಮಾದಿ ರಾಶಿಯ ಮುಂದೆ ಮಂಡಿಯೂರಿ, ಮೊಣಕೈವರೆಗೂ ಕೈ ಇಳಿಸಿ, ನಡುವೆ ಗೆರೆ ಎಳೆದಳು. ಎರಡೂ ಕಡೆಯಿಂದ ರಾಗಿ ಜಾರಿ ಗೆರೆ ಮುಚ್ಚಿಕೊಂಡಿತು. ಅವಳು ಮತ್ತೆ ಎಳೆದಳು.