ತವರಿನ ಹೆಸರು

ಬೆಳಗಿನ ಲಿಂಗಪೂಜೆ ಮುಗಿದು, ಹಣೆಯ ವಿಭೂತಿ ಆರುವ ಮೊದಲೇ ವಾಮದೇವಪ್ಪನವರು ಫೋನು ತೆರೆಯುತ್ತಿದ್ದರು. ಮಗಳು ಡಾಕ್ಟರ್ ಪೂಜಾ ಲಿಂಗೈಕ್ಯಳಾಗಿ ಹದಿನಾಲ್ಕು ತಿಂಗಳಾಗಿತ್ತು. ಅವಳು ಬರೆದ ಒಂಬತ್ತು ಸಂಶೋಧನಾ ಲೇಖನಗಳ ಪಟ್ಟಿ ಅದರಲ್ಲಿ ಒಂದು ಪುಟದಲ್ಲಿತ್ತು. ಒಂದೊಂದರ ಎದುರಿಗೂ, ಬೇರೆ ವೈದ್ಯರು ತಮ್ಮ ಬರಹಗಳಲ್ಲಿ ಅದನ್ನು ಎಷ್ಟು ಸಲ ಹೆಸರಿಸಿದ್ದಾರೆ ಎಂಬ ಅಂಕಿ. ಎಂಟು ಲೇಖನಗಳದು ಎಲ್ಲ ಸೇರಿ ಮೂವತ್ತು ದಾಟಿರಲಿಲ್ಲ. ಉಳಿದ ಒಂದಕ್ಕೇ ಇನ್ನೂರ ಹದಿನಾಲ್ಕು.

ಅಂಕಿ ಏರಿದ ದಿನ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವರು. “ಇವತ್ತು ಬ್ರೆಜಿಲ್‌ನಾಗೆ ಯಾರೋ ನಮ್ಮ ಪೂಜಾನ್ನ ನೆನೆಸ್ಯಾರೆ ನೋಡು.”

“ನೆನೆಸ್ಲಿ ಬಿಡ್ರಿ,” ಎಂದು ಹೆಂಡತಿ ದ್ರಾಕ್ಷಾಯಣಮ್ಮ ರೊಟ್ಟಿ ತಟ್ಟುವುದನ್ನು ಮುಂದುವರಿಸುವರು.

ಆ ಲೇಖನ ಬಸುರಿಯರ ರಕ್ತಹೀನತೆಯದು. ಹರಿಹರದ ಹೆಂಗಸರಿಗೆ ಕಬ್ಬಿಣಾಂಶದ ಮಾತ್ರೆ ದಿನಾಲೂ, ಮಾಯಕೊಂಡದವರಿಗೆ ದಿನ ಬಿಟ್ಟು ದಿನ. ಕೊನೆಗೆ ಮಾಯಕೊಂಡದವರ ರಕ್ತವೇ ಹೆಚ್ಚು ಸುಧಾರಿಸಿತ್ತು. ದಿನ ಬಿಟ್ಟು ದಿನ ಕೊಟ್ಟರೆ ಸಾಕು ಎಂಬ ಪೂಜಾಳ ಮಾತು ದೇಶ ದಾಟಿ ಹೋಯಿತು.

ಶ್ರಾವಣದ ಒಂದು ಮಧ್ಯಾಹ್ನ ಎಸ್.ಎಸ್. ಬಡಾವಣೆಯ ಮನೆಗೆ ಡಾಕ್ಟರ್ ಬಿಂದು ಬಂದಳು. ಪೂಜಾಳ ಕೈಕೆಳಗೆ ಕಲಿತವಳು. ಆ ಲೇಖನದಲ್ಲಿ ಎರಡನೆಯ ಹೆಸರು ಅವಳದೇ. ಕೊಟ್ಟ ಚಹಾ ಮುಟ್ಟದೆ ಕುಳಿತಳು.

“ಅಪ್ಪಾಜಿ, ಮೇಡಂ ಊರೂರು ತಿರುಗಿ ಬರೆದ ರಿಜಿಸ್ಟರ್ ನಿಮ್ಮ ಹತ್ರ ಐತಲ್ರಿ, ಅದು ಬೇಕಿತ್ತು. ಬೇರೆ ಕಡೆ ನಾವು ಬರೆದಂಗೇ ಮಾತ್ರೆ ಕೊಟ್ಟು ನೋಡ್ಯಾರೆ. ಅಲ್ಲಿ ಹೆಂಗಸರ ರಕ್ತ ಏರಿಲ್ಲ. ನಮ್ಮದರಾಗೇ ಏನೋ ತಪ್ಪೈತೆ.”

“ತಪ್ಪಿದ್ರೆ?”

“ಲೇಖನ ವಾಪಸ್ ತಗಬೇಕಾಗುತ್ರಿ.”

ವಾಮದೇವಪ್ಪನವರು ಗೋಡೆಯ ಫೋಟೋ ಕಡೆ ನೋಡಿದರು. “ಉತ್ತರ ಹೇಳಾಕೆ ಅವಳಿಲ್ಲ ಅಂತ ಈಗ ಬಂದೆಯೇನವ್ವ?”

“ನನ್ನ ಹೆಸರೂ ಐತ್ರಿ ಅದರಾಗೆ,” ಎಂದಳು ಬಿಂದು. ಅವಳ ಕಣ್ಣು ತುಂಬಿತ್ತು.

“ಎಲ್ಲಿಟ್ಟೀನೋ ನೆನಪಿಲ್ಲ.”

ರಿಜಿಸ್ಟರು ದೇವರ ಜಗಲಿಯ ಕೆಳಗಿನ ಪೆಟ್ಟಿಗೆಯಲ್ಲಿತ್ತು. ಸೋಮವಾರಕ್ಕೊಮ್ಮೆ ಅದನ್ನು ತೆಗೆದು ಕಣ್ಣಿಗೊತ್ತಿಕೊಳ್ಳುವುದು ಅವರ ರೂಢಿ. ಅಲ್ಲಲ್ಲಿ ಕೆಲವು ಹೆಸರುಗಳಿಗೆ ಮಗಳು ಪೆನ್ಸಿಲಿನಿಂದ ಸುತ್ತು ಹಾಕಿದ್ದಳು. ಯಾಕೆಂದು ತಿಳಿಯದಿದ್ದರೂ ಆ ಸುತ್ತುಗಳ ಮೇಲೆ ಬೆರಳಾಡಿಸುವರು.

ಬಿಂದು ಗೇಟು ದಾಟಿದ ಮೇಲೆ ದ್ರಾಕ್ಷಾಯಣಮ್ಮ ಹೊರಗೆ ಬಂದರು. “ವಿಭೂತಿ ಹಚ್ಚಿದ ಹಣೆ ಇಟ್ಕೊಂಡು ಎಂಥ ಮಾತಾಡಿದ್ರಿ!”

“ಇನ್ನೂರ ಹದಿನಾಲ್ಕು ಮಂದಿ ಅವಳ ಹೆಸರು ಹೇಳ್ತಾರೆ ಕಣೆ. ಅದನ್ನೂ ಅಳಿಸ್ಲಾ?”

ಆಕೆ ಒಳಗೆ ನಡೆದರು. ತಾವೇ ಪೆಟ್ಟಿಗೆ ತೆರೆದು, ಕನ್ನಡಕ ಏರಿಸಿ, ರಿಜಿಸ್ಟರನ್ನು ಮೊದಲ ಸಲ ಓದತೊಡಗಿದರು. ಮಾಯಕೊಂಡ ಅವರ ತವರು, ಹೆಸರುಗಳೆಲ್ಲ ಗುರುತಿನವೇ. ಸ್ವಲ್ಪ ಹೊತ್ತಿಗೆ ಕೈ ನಿಂತಿತು.

“ರೀ, ಇಲ್ಲಿ ನೋಡ್ರಿ. ಮಾಯಕೊಂಡದ ಪಟ್ಟ್ಯಾಗೆ ಆಶಾ, ತಂದೆ ಪಂಚಾಕ್ಷರಪ್ಪ. ಹರಿಹರದ ಪಟ್ಟ್ಯಾಗೆ ಗಿರಿಜಾ, ಗಂಡ ಬಸವಕಿರಣ್. ಇವರಿಬ್ಬರೂ ಒಬ್ಬಾಕೇನೇ! ಮದುವ್ಯಾಗೆ ಹೆಸರು ಬದಲಿಸಿದ್ರಲ್ಲ, ನೀವು ಹೋಳಿಗೆ ಸಾಲ್ಲಿಲ್ಲ ಅಂತ ಮುನಿಸ್ಕೊಂಡು ಬಂದ ಮದುವೆ.”

ಸೊಸೆಗೆ ಹೊಸ ಹೆಸರಿಡುವುದು ಆ ಕಡೆಯ ಎಷ್ಟೋ ಮನೆತನಗಳ ಪದ್ಧತಿ. ದ್ರಾಕ್ಷಾಯಣಮ್ಮನವರೇ ತವರಿನಲ್ಲಿ ಇಂದಿಗೂ ಚೆನ್ನವ್ವ. ಗಿರಿಜಾ ಹರಿಹರದ ಅತ್ತೆಮನೆಯಲ್ಲಿ ತಿಂಗಳುಗಟ್ಟಲೆ ದಿನಾಲೂ ಮಾತ್ರೆ ನುಂಗಿದ್ದಳು. ಹೆರಿಗೆಗೆಂದು ತವರಿಗೆ ಬಂದಾಗ ಬಸುರಿಯ ತಪಾಸಣೆ ಬರೆಯುವ ತಾಯಿ ಕಾರ್ಡು ಅತ್ತೆಮನೆಯಲ್ಲೇ ಉಳಿಯಿತು. ಅವಳು ತವರಿನ ಹೆಸರು ಆಶಾ ಎಂದಳು, ಪೂಜಾ ಹಾಗೆಯೇ ಬರೆದುಕೊಂಡಳು. ಹರಿಹರದ ಮಾತ್ರೆಯಿಂದ ಏರಿದ ರಕ್ತ ಮಾಯಕೊಂಡದ ಪಟ್ಟಿಗೆ ಜಮೆಯಾಯಿತು. ಇಂಥವರು ಇನ್ನೆಷ್ಟೋ.

“ನಮ್ಮ ಪೂಜಾ ಮೂವತ್ತೆಂಟಾದ್ರೂ ಮದುವೆ ಬ್ಯಾಡ ಅಂದ್ಲು,” ಎಂದರು ದ್ರಾಕ್ಷಾಯಣಮ್ಮ ಮೆಲ್ಲಗೆ. “ಅವಳಿಗೆ ಇದ್ದಿದ್ದು ಒಂದೇ ಹೆಸರು. ಹೆಂಗ ಹೊಳೀಬೇಕು ಅವಳಿಗೆ?”

ವಾಮದೇವಪ್ಪನವರು ಬಗ್ಗಿ ನೋಡಿದರು. ಆಶಾ, ಗಿರಿಜಾ ಎರಡೂ ಹೆಸರಿಗೆ ಪೆನ್ಸಿಲಿನ ಸುತ್ತಿತ್ತು. ಎರಡರ ಪಕ್ಕದಲ್ಲೂ ಜೋಡಿಯ ಗುರುತಾಗಿ ಅದೇ ಒಂದು ಅಂಕಿ. ಅಂಥ ಹನ್ನೊಂದು ಜೋಡಿ. ಹನ್ನೊಂದನೆಯದರ ಕೆಳಗಿನ ತಾರೀಖು, ಪೂಜಾಳನ್ನು ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದ ಹಿಂದಿನ ದಿನದ್ದು. ಮುಂದಿನ ಹಾಳೆಗಳಲ್ಲಿ ಒಂದು ಗುರುತೂ ಇರಲಿಲ್ಲ.

“ಹೊಳೆದಿತ್ತು ಕಣೆ,” ಎಂದರು. “ತಿದ್ದಾಕೆ ಕೂತಿದ್ಲು. ನಾನು ಅದನ್ನ ಪೆಟ್ಟಿಗ್ಯಾಗೆ ಇಟ್ಟು ಪೂಜೆ ಮಾಡಿದೆ.”

ಅಲ್ಲಿಂದಲೇ ಬಿಂದುವಿಗೆ ಫೋನು ಮಾಡಿ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡರು.

ಎರಡು ಹೆಸರಿನವರನ್ನು ಹುಡುಕುತ್ತ ಮೂರು ವಾರ ಮೂವರೂ ಹರಿಹರ, ಮಾಯಕೊಂಡ ತಿರುಗಿದರು. ಹರಿಹರದ ಒಂದು ಓಣಿಯಲ್ಲಿ ಮಗು ಎತ್ತಿಕೊಂಡಿದ್ದ ಹೆಂಗಸು ಬಾಗಿಲಿಗೆ ಬಂದು ನಕ್ಕಳು. “ಯಾವ ಹೆಸರು ಬೇಕ್ರಿ ಅಜ್ಜಾರೆ? ಅತ್ತೆಮನೇದೋ, ತವರಿಂದೋ?”

“ಎರಡೂ ಹೇಳವ್ವ.”

ಅವರೇ ಪೆನ್ಸಿಲು ಹಿಡಿದು ಸುತ್ತು ಹಾಕಿದರು. ಸುತ್ತು ಸೊಟ್ಟಗಾಯಿತು. ಮಗಳದು ದುಂಡಗಿತ್ತು.

ಕೊನೆಗೆ ಸಿಕ್ಕವರು ನಲವತ್ತಮೂರು. ಲೇಖನ ಹಿಂತೆಗೆದುಕೊಳ್ಳುವ ಪತ್ರವನ್ನು ಬಿಂದು ಅದೇ ಕುರ್ಚಿಯಲ್ಲಿ ಕುಳಿತು ಕನ್ನಡದಲ್ಲಿ ಓದಿ ಹೇಳಿದಳು. ತಪ್ಪನ್ನು ಪೂಜಾ ಅವರೇ ಕಂಡುಹಿಡಿದಿದ್ದರು ಎಂದು ಬರೆದಿದ್ದಳು.

ವಾಮದೇವಪ್ಪನವರು ತಲೆ ಅಲ್ಲಾಡಿಸಿದರು. “ತಪ್ಪು ಮಾಡಿದ್ದೂ ಅವಳೇ ಅಂತ ಮೊದಲು ಬರಿಯವ್ವ. ಆಮೇಲೆ, ಹನ್ನೊಂದು ಅವಳು ಹುಡುಕಿದ್ದು, ಮೂವತ್ತೆರಡು ನಾವು. ಇದ್ದದ್ದು ಇದ್ದಂಗೆ ಇರ್ಲಿ.”

ಬಿಂದು ಹಾಗೆಯೇ ತಿದ್ದಿ ಕಳಿಸಿದಳು. ದ್ರಾಕ್ಷಾಯಣಮ್ಮ ಚಹಾ ತಂದಿಟ್ಟರು. ಈ ಸಲ ಅವಳು ಕುಡಿದಳು.