ಕುದುರೆಯ ಸಾಲಿನ ಪ್ಯಾದೆ

ಧರೆಪ್ಪನನ್ನು ರತ್ನಾಗಿರಿಗೆ ವರ್ಗ ಮಾಡುವ ಕಾಗದಕ್ಕೆ ಸಾಹೇಬರ ಸಹಿಯೊಂದೇ ಬಾಕಿ ಇತ್ತು. ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿ ಮೂರು ವರ್ಷವಾಗಿತ್ತು. ಹಳೆಯ ಕಾರಕೂನರನ್ನು ಎಲ್ಲೆಲ್ಲಿಗೋ ಎತ್ತಿ ಹಾಕುತ್ತಿದ್ದರು. ಮನೆಯಲ್ಲಿ ಹೆಂಡತಿ ತಾಯವ್ವನಿಗೆ ಎಂಟು ತಿಂಗಳು. ಮೊದಲಿನ ಎರಡು ಕೂಸುಗಳು ಹೆರಿಗೆಯಲ್ಲೇ ಹೋಗಿದ್ದವು. ಅವಳನ್ನು ಬಿಟ್ಟು ಹೋಗುವಂತಿರಲಿಲ್ಲ, ಬಸ್ಸು ಹತ್ತಿಸುವಂತೆಯೂ ಇರಲಿಲ್ಲ.

"ಊರಾಗ ನಿನ್ನ ಸೋಲಸೋರ ಇಲ್ಲಂತಲ್ಲೋ," ಎಂದರು ಸಾಹೇಬರು, ಬುದ್ಧಿಬಳದ ಹಲಗೆಯ ಮೇಲೆ ಚದುರಂಗದ ಕಾಯಿ ಹೂಡುತ್ತ. "ಗೆದ್ದಿ ಅಂದ್ರ ಸಹಿ ಮಾಡಂಗಿಲ್ಲ. ಸೋತಿ ಅಂದ್ರ ಗಂಟು ಕಟ್ಟು."

ಬಾಗಿಲಲ್ಲಿ ನಿಂತ ಕಚೇರಿಯ ಜವಾನ, ಪಟ್ಟೇವಾಲಾ ಜಕ್ಕಪ್ಪ ಹಲ್ಲು ಕಿರಿದ. ಧರೆಪ್ಪ ಹಲಗೆಯ ಮುಂದೆ ಕುಳಿತು ಮೊದಲ ಕಾಯಿ ನಡೆಸಿದ.

ಬರಬರುತ್ತ ಆಟ ಅವನ ಕಡೆ ವಾಲಿತು. ವಜೀರರಿಬ್ಬರೂ ಸತ್ತಿದ್ದರು. ಅವನಿಗೆ ಎರಡು ಆನೆ, ಸಾಹೇಬರಿಗೆ ಒಂದೇ. ಧರೆಪ್ಪ ಬೆನ್ನು ನೆಟ್ಟಗೆ ಮಾಡಿ ಕುಳಿತ. ಕುದುರೆಯ ಸಾಲಿನಲ್ಲಿ ಸಾಹೇಬರ ಕಾಲಾಳು, ಪ್ಯಾದೆಯೊಂದು, ಒಂದೊಂದೇ ಮನೆ ಮುಂದೆ ಬರುತ್ತಿತ್ತು. ಅವನು ಆಡಿ ಬೆಳೆದ ಕಟ್ಟೆಯ ಮೇಲೆ, ಪ್ಯಾದೆ ಯಾವ ಸಾಲಿನಲ್ಲಿ ಕೊನೆ ಮುಟ್ಟಿತೋ ಆ ಸಾಲಿನ ಕಾಯಿಯಾಗುತ್ತಿತ್ತು. ಕುದುರೆಯ ಸಾಲಿನದು ಕುದುರೆ. ಒಂದು ಕುದುರೆಗೆ ಹೆದರಿ, ಮೂಲೆಗೆ ಸಿಕ್ಕ ಸಾಹೇಬರ ಒಂಟೆಯನ್ನು ಬಿಡುವುದೇ? ಒಂಟೆಯನ್ನು ಹೊಡೆದ.

ಪ್ಯಾದೆ ಕೊನೆಯ ಮನೆ ಮುಟ್ಟಿತು. ಸಾಹೇಬರು ಅದನ್ನೆತ್ತಿ, ತಮ್ಮ ಸತ್ತ ವಜೀರನನ್ನು ಅಲ್ಲಿಟ್ಟರು.

"ಶಹಾ. ರಾಜನ್ನ ಉಳಿಸ್ಕೋ."

"ಸಾಹೇಬ್ರ, ಅದು ಕುದುರಿ ಆಗಬೇಕ್ರೀ."

"ಅದು ನಿಮ್ಮ ಕಟ್ಟಿ ಆಟ. ಪುಣೇದಾಗ ಬೇಕಾದ್ದ ಆಗತೈತಿ. ಮೊದಲ ಕೇಳಿದ್ದೇನು?"

ಕೇಳಿರಲಿಲ್ಲ.

"ಕೈ ಛಲೋ ಐತಿ ನಿಂದು. ಖರೆ, ನಿನ್ನ ಆಟ ಅಷ್ಟ ನೋಡತಿ. ಒಂಟಿ ಸಾಯಾಕ ಬಿಟ್ಟು ಇಂವ ಪ್ಯಾದಿ ಯಾಕ ನಡಸಾಕತ್ತಾನ ಅಂತ ಒಮ್ಮೆರೆ ಅಂಜಿದೇನು? ಪಕ್ಕಾ ಆಟಗಾರ ಮೊದಲ ಅಂಜತಾನ. ನಿನ್ನಂಥಾಂವ ಆಮ್ಯಾಲ."

"ರತ್ನಾಗಿರಿ ಮೀನ ಭಾಳ ರುಚಿ ಅಂತ, ಧರೆಪ್ಪಣ್ಣ," ಎಂದ ಜಕ್ಕಪ್ಪ.

ಈಗ ಧರೆಪ್ಪನಿಗೆ ಸಾಹೇಬರ ಆಟ ಪೂರ್ತಿ ಕಾಣಿಸಿತು. ತನ್ನ ರಾಜನಿಗೆ ಉಳಿದದ್ದು ಒಂದೇ ಮನೆ. ಅಲ್ಲಿಗೆ ಹೋದರೆ ಸಾಹೇಬರ ಆನೆ ಬರುತ್ತದೆ, ಆಟ ಮುಗಿಯುತ್ತದೆ. ಹಲಗೆಯನ್ನು ಇಷ್ಟು ನಿಚ್ಚಳವಾಗಿ ಅವನು ಎಂದೂ ನೋಡಿರಲಿಲ್ಲ. ಹೋದ ಹೆರಿಗೆಯಲ್ಲಿ ತಾಯವ್ವ ಚೀರಿದ್ದು ಕಿವಿಯಲ್ಲಿ ಶುರುವಾಯಿತು.

"ಸಾಹೇಬ್ರ," ಎಂದ ಧರೆಪ್ಪ. "ಈ ಆಟ ನಾಳೆ ಮುಗಸೂಣ್ರಿ."

"ನಾಳೆನೂ ಅದೊಂದ ಮನಿ ಇರತೈತಿ. ಆಡು."

ಧರೆಪ್ಪ ರಾಜನನ್ನು ಆ ಮನೆಗೆ ಸರಿಸಿದ. ಕೈ ತಾಗಿ ಪಕ್ಕದ ಕಾಯಿ ಉರುಳಿತು. ಅದನ್ನು ಎತ್ತಿ ನಿಲ್ಲಿಸಲು ಅವನಿಂದ ಆಗಲಿಲ್ಲ.