ಮಾತಿಲ್ಲದ ಭೇಷ್

ಗಯಾಸ ಪೇಪರಿನ ಮಡಿಕೆ ಬಿಚ್ಚದೆ ಚನ್ನಯ್ಯ ಮಾಸ್ತರರ ಕೈಗಿಟ್ಟಾಗ ಪಂಚಶೀಲಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ನಗು ಬಂದರೆ ಎಲ್ಲ ಕೆಟ್ಟಂತೆ. ಪದಬಂಧದ ಪುಟಕ್ಕೆ ಬೆಳಿಗ್ಗೆ ಹಚ್ಚಿದ ಗೋಂದು ಇನ್ನೂ ಪೂರ್ತಿ ಒಣಗಿರಲಿಲ್ಲ.

ಬಸ್ಸು ಶಹಾಪುರ ಬಿಟ್ಟು ಯಾದಗಿರಿಯ ದಾರಿ ಹಿಡಿಯಿತು. ದಿನಾ ಹೋಗಿಬರುವ ನೌಕರರ ಈ ಬಸ್ಸಿಗೆ ತನ್ನದೇ ಒಂದು ಕಟ್ಟಳೆ ಇತ್ತು. ಕಂಡಕ್ಟರ್ ಗಯಾಸ ಪೇಪರು ತರಬೇಕು, ಮಾಸ್ತರರು ಪದಬಂಧದ ಸುಳಿವುಗಳನ್ನು ಗಟ್ಟಿಯಾಗಿ ಓದಬೇಕು, ಯಾದಗಿರಿಗೆ ಮುಂಚೆ ಸಿಗುವ ಭೀಮಾ ಸೇತುವೆ ಬರುವುದರೊಳಗೆ ಚೌಕಗಳೆಲ್ಲ ತುಂಬಿರಬೇಕು. ಉತ್ತರ ಹೊಳೆದವರು ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ತಾವೇ ಇನ್ನೊಂದು ಸುಳಿವು ಕಟ್ಟಿ ಹೇಳಬೇಕು, ಉಳಿದವರು ಅದರ ಬಾಲ ಹಿಡಿದು ಉತ್ತರಕ್ಕೆ ಬರಬೇಕು. ತಡೆಯಲಾರದೆ ಒದರಿದವರು ಅವತ್ತು ಎಲ್ಲರಿಗೂ ಚಹಾ ಕುಡಿಸಬೇಕು.

ಪಂಚಶೀಲಾ ಮೊದಲ ದಿನವೇ ಚಹಾ ಕುಡಿಸಿದವಳು. ಹೊಸದಾಗಿ ಗುಮಾಸ್ತೆಯ ನೌಕರಿ ಸಿಕ್ಕಿತ್ತು, ಕಚೇರಿಯೆಂದರೆ ಹೆದರಿಕೆ. ಮುಂದಿನ ಸೀಟಿನಿಂದ ಯಾರೋ, “ಹೊತ್ತವನಿಗೆ ಕಾಣದು, ಎದುರಿಗಿದ್ದವನಿಗೆ ಕಾಣುತ್ತದೆ, ಎರಡಕ್ಷರ” ಎಂದು ಓದಿದರು. ಅವಳು ತನಗರಿವಿಲ್ಲದೆ “ಮುಖ” ಎಂದುಬಿಟ್ಟಳು. ಇಡೀ ಬಸ್ಸು ಅವಳ ಮೇಲೆ ಬಿದ್ದಿತು. ಆದರೆ ಆ ಎರಡಕ್ಷರ ಚೌಕದಲ್ಲಿ ಸರಿಯಾಗಿ ಕೂತಾಗ ಆದ ಸುಖವೇ ಬೇರೆ. ಹೆದರಿಕೆ ಎತ್ತ ಹೋಯಿತೋ ಗೊತ್ತಾಗಲಿಲ್ಲ. ಅಂದಿನಿಂದ ಅವಳಿಗೆ ಈ ಹುಚ್ಚು ಹತ್ತಿತು. ರೊಟ್ಟಿ ಬಡಿಯುವಾಗಲೂ ತಲೆಯಲ್ಲಿ ಸುಳಿವುಗಳು ಓಡಾಡುತ್ತಿದ್ದವು, ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ಗಂಡ ಶರಣಕುಮಾರ ಪಾಪ ಸುಮ್ಮನೆ ಸೀದದ್ದನ್ನೇ ತಿಂದು ಏಳುತ್ತಿದ್ದ.

ಮಾಸ್ತರರನ್ನು ಮೆಚ್ಚಿಸುವುದು ಮಾತ್ರ ಸುಲಭವಿರಲಿಲ್ಲ. ಸಪ್ಪೆ ಸುಳಿವು ಕಂಡರೆ ಯಾರೋ ತಮಗೆ ಬೈದಂತೆ ಸಿಡುಕುತ್ತಿದ್ದರು. ಸುಳಿವು ನಿಜಕ್ಕೂ ಚಂದವಿದ್ದು ಅವರನ್ನೇ ಒಂದು ಗಳಿಗೆ ಸತಾಯಿಸಿದರೆ, ಉತ್ತರ ಹೊಳೆದ ಕೂಡಲೇ ಜಟ್ಟಿಯ ಹಾಗೆ ಪಟ್ಟನೆ ತೊಡೆ ತಟ್ಟುತ್ತಿದ್ದರು. ಡ್ರೈವರನೂ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡುವಷ್ಟು ಸದ್ದು. ಆ ಏಟು ಅಪರೂಪ. ಬಸ್ಸಿನ ಮಂದಿ ಕಟ್ಟಿದ ಸುಳಿವಿಗೆ ಅದು ಒಮ್ಮೆಯೂ ಬಿದ್ದಿರಲಿಲ್ಲ. ಒಂದೇ ಒಂದು ಸಲ ತನ್ನ ಸುಳಿವಿಗೆ ಬೀಳಬೇಕೆಂದು ಪಂಚಶೀಲಾಳ ಆಸೆ.

ಇವತ್ತು ಬೀಳದಿದ್ದರೆ ಇನ್ನು ಬೀಳುವಂತಿರಲಿಲ್ಲ. ಮಾಸ್ತರರಿಗೆ ಶಹಾಪುರದ ಶಾಲೆಗೇ ವರ್ಗವಾಗಿತ್ತು. ಸೋಮವಾರದಿಂದ ಅವರು ಮನೆಯಿಂದ ನಡೆದೇ ಶಾಲೆಗೆ ಹೋಗುವವರು. ಬೀಳ್ಕೊಡುಗೆ ಮಾಡೋಣವೆಂದರೆ, ಶಾಲು ಹೊದಿಸಿ ಹಾರ ಹಾಕಿದರೆ ನಡುದಾರಿಯಲ್ಲೇ ಇಳಿದುಹೋಗುತ್ತೇನೆ ಎಂದು ಹೆದರಿಸಿದ್ದರು. ಆಗ ಪಂಚಶೀಲಾಳಿಗೆ ಈ ಉಪಾಯ ಹೊಳೆಯಿತು. ತಾನೇ ಒಂದು ಪದಬಂಧ ಹೆಣೆದು, ಅಂಗಡಿಯಲ್ಲಿ ಅಚ್ಚು ತೆಗೆಸಿ, ಪೇಪರಿನ ಪದಬಂಧದ ಮೇಲೆ ಸರಿಯಾಗಿ ಅಂಟಿಸಿದ್ದಳು. ಮಾಸ್ತರರೊಬ್ಬರನ್ನು ಬಿಟ್ಟು ಎಲ್ಲರಿಗೂ ಗುಟ್ಟು ಗೊತ್ತಿತ್ತು.

ಮಾಸ್ತರರು ಕನ್ನಡಕ ಏರಿಸಿ ಶುರುಮಾಡಿದರು. ಉಣ್ಣುವ ಮೊದಲು ಮುರಿಯಬೇಕು, ಮುರಿದರೂ ಮುನಿಸಿಲ್ಲ. ಓದಿ ಮುಗಿಸುವಷ್ಟರಲ್ಲಿ ‘ರೊಟ್ಟಿ’ ಎಂದು ಬರೆದೂ ಆಗಿತ್ತು. ಹೊಳೆಯ ಮೇಲೆ ಮಲಗಿದರೂ ನೀರಿಗೆ ಮೈ ತಾಗಿಸದು. ‘ಸೇತುವೆ’. ಮುಗುಳ್ನಕ್ಕರು, ಅಷ್ಟೇ. ತೊಡೆ ತೊಡೆಯ ಜಾಗದಲ್ಲಿತ್ತು, ಕೈ ಪೆನ್ನಿನ ಮೇಲಿತ್ತು.

“ಪೇಪರಿನಂವ ಇವತ್ತ ನಮ್ಮ ಬಸ್ಸಿನ್ಯಾಗ ಕುಂತು ಬರದಂಗ ಅದ” ಎಂದರು. ಪಂಚಶೀಲಾ ಮತ್ತೆ ಕಿಟಕಿಯ ಕಡೆ ತಿರುಗಿದಳು. ಹಿಂದಿನ ಸೀಟಿನ ನರ್ಸ್ ಶರೀಫಾಬೀ ಜೋರಾಗಿ ಕೆಮ್ಮಿ ನಗು ನುಂಗಿದಳು.

ಒಂದೊಂದೇ ಚೌಕ ತುಂಬುತ್ತ ಬಂತು. ಹತ್ತಿಯ ಹೊಲಗಳು ಹಿಂದೆ ಸರಿದವು. ಕೊನೆಗೆ ಉಳಿದದ್ದು ಒಂದು. ಪಂಚಶೀಲಾ ಅದನ್ನು ಎಷ್ಟು ಸಲ ಕಟ್ಟಿ ಕೆಡವಿ ಮತ್ತೆ ಕಟ್ಟಿದ್ದಳೋ.

“ಮಾತಿಲ್ಲದ ಭೇಷ್. ಕೈ ಹೇಳುತ್ತದೆ, ಕಾಲು ಕೇಳುತ್ತದೆ. ನಾಲ್ಕಕ್ಷರ.”

ಉತ್ತರ ‘ತೊಡೆತಟ್ಟು’. ಬಸ್ಸಿನ ಮಂದಿಗೆಲ್ಲ ಅದು ಕಣ್ಣೆದುರೇ ಕೂತಿತ್ತು, ಕನ್ನಡಕ ಹಾಕಿಕೊಂಡು. ಮಾಸ್ತರರೊಬ್ಬರಿಗೇ ಕಾಣಲಿಲ್ಲ. ಅವರು ಚಪ್ಪಾಳೆಯ ಕಡೆಗೆ ಹೋದರು, ಅದು ಮೂರೇ ಅಕ್ಷರ. ನಮಸ್ಕಾರಕ್ಕೆ ಬಂದರು, ಅಕ್ಷರ ನಾಲ್ಕಾದರೂ ಅದು ಭೇಷ್ ಅಲ್ಲ. ಪುರಾಣಕ್ಕೆ ಹೋದರು, ಶರಣರ ಕಾಲಕ್ಕೆ ಹೋಗಿಬಂದರು. ಮಂದಿಗೆ ಹಬ್ಬವೋ ಹಬ್ಬ. ಶರೀಫಾಬೀ ಸುಳಿವು ಎಸೆದಳು, “ನಿಮಗ ಕಾಣಬೇಕಂದ್ರ ಕನ್ನಡಿ ಬೇಕ್ರಿ, ಮಾಸ್ತರ್ರ.” ಗಯಾಸ ತನ್ನದೊಂದು ಸೇರಿಸಿದ, “ನಮ್ಮ ಬಸ್ಸಿನ್ಯಾಗ ಟಿಕೇಟಿಲ್ದ ಬರೂದು ಅದೊಂದೇ ನೋಡ್ರಿ.”

“ನಿಮಗೆಲ್ಲ ಗೊತ್ತದ?” ಮಾಸ್ತರರು ಎದ್ದು ನಿಂತು ಹಿಂದಕ್ಕೆ ತಿರುಗಿ ನೋಡಿದರು. ಎಲ್ಲ ತಲೆಗಳೂ ಒಟ್ಟಿಗೆ ಹೌದೆಂದವು. ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ. ಅವರು ಕೂತರು, ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು.

ಸೇತುವೆಯ ಕಂಬಿಗಳು ಕಂಡವು. ಪಂಚಶೀಲಾಳ ನಗು ನಿಂತಿತು. ಏನು ಮಾಡಿಬಿಟ್ಟೆ ಎಂದು ಸಂಕಟವಾಯಿತು. ಒಂದು ಏಟಿನ ಆಸೆಗೆ ಬಿದ್ದು, ಎಂದೂ ಸೋಲದ ಮನುಷ್ಯನನ್ನು ಕೊನೆಯ ದಿನ ಸೋಲಿಸಿ ಕಳಿಸಿದಂತಾಯಿತಲ್ಲ. ಬಸ್ಸು ಸೇತುವೆ ಏರಿತು. ಚಹಾ ಕುಡಿಸಿದರಾಯಿತೆಂದು ಅವಳು ಬಾಯಿ ತೆರೆದಳು.

ಮಾಸ್ತರರು ಕೈ ಎತ್ತಿ ತಡೆದರು. “ಹೇಳಬ್ಯಾಡ ತಂಗಿ. ಹೇಳಿದ್ರ ಅದರ ರುಚಿ ಹೋಗ್ತದ.”

ಬಸ್ಸು ಭೀಮೆಯನ್ನು ದಾಟಿತು. ನಾಲ್ಕು ಚೌಕ ಖಾಲಿಯೇ ಉಳಿದವು. ಹಳೆ ಬಸ್ ಸ್ಟ್ಯಾಂಡಿನಲ್ಲಿ ಮಾಸ್ತರರು ಪೇಪರನ್ನು ಕಂಕುಳಲ್ಲಿಟ್ಟುಕೊಂಡು, ಎಲ್ಲರಿಗೂ ಒಂದು ಸಲ ಕೈಮುಗಿದು ಇಳಿದರು. ಸ್ಟೇಷನ್ ಕಡೆ ಹೋಗುವವರು ಬಸ್ಸಿನಲ್ಲೇ ಉಳಿದರು. ಪಂಚಶೀಲಾಳೂ ಅವರಲ್ಲೊಬ್ಬಳು. ಸುಳಿವು ಚಂದವಿತ್ತು ಎಂದಾಗಲಿ, ಸಪ್ಪೆ ಎಂದಾಗಲಿ ಮಾಸ್ತರರು ಒಂದು ಮಾತೂ ಆಡಿರಲಿಲ್ಲ.

ಬಸ್ಸು ಹಿಂದಕ್ಕೆ ಸರಿದು ತಿರುಗುತ್ತಿತ್ತು. ಮಾಸ್ತರರು ಬಾಳೆಹಣ್ಣಿನ ಬುಟ್ಟಿಯ ಮುಂದೆ, ಓಡಾಡುವ ಮಂದಿಯ ನಡುವೆ, ಪೇಪರು ಬಿಚ್ಚಿ ನಿಂತಿದ್ದರು. ಪುಟದ ಒಂದು ಮೂಲೆ ಎದ್ದಿತ್ತು. ಹಸಿ ಗೋಂದು ಕೈಕೊಟ್ಟಿತ್ತು. ಅವರು ಆ ಮೂಲೆಯನ್ನು ಉಗುರಿನಿಂದ ಎತ್ತಿ ಮೆಲ್ಲಗೆ ಸುಲಿದರು. ಕೆಳಗೆ ಪೇಪರಿನವರ ಪದಬಂಧ ಒಂದಕ್ಷರವೂ ತುಂಬದೆ ಇತ್ತು. ಸುಲಿದ ಚೂರನ್ನು ಕಣ್ಣಿನ ಹತ್ತಿರ ತಂದು ಕೊನೆಯ ಸುಳಿವನ್ನು ಮತ್ತೆ ಓದಿದರು. ತುಟಿ ಆಡುವುದು ಕಿಟಕಿಯಿಂದ ಕಾಣುತ್ತಿತ್ತು. ಪಂಚಶೀಲಾ ಕಂಬಿ ಹಿಡಿದು ಎದ್ದು ನಿಂತಳು.

ಮಾಸ್ತರರು ಹೆಗಲಿನ ಚೀಲವನ್ನು ನೆಲಕ್ಕೆ ಬಿಟ್ಟರು. ಬಸ್ಸಿನ ಕಡೆ ತಿರುಗಿದರು, ಅವಳ ಕಿಟಕಿಯನ್ನು ಹುಡುಕಿದರು, ಒಂದು ಕಾಲು ಮುಂದಿಟ್ಟು, ಕೈಯನ್ನು ತಲೆಯ ಮೇಲಿನವರೆಗೂ ಎತ್ತಿ ಇಳಿಸಿದರು.

ಬಾಳೆಹಣ್ಣಿನವಳು ಬೆಚ್ಚಿಬಿದ್ದು, ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.